ಮನೆಯ ಪ್ರಾರ್ಥನೆ ಈಗ ನಾನೇ ನಡೆಸಬೇಕು. ಮನಸ್ಸಿನಿಂದ ಪ್ರಾರ್ಥಿಸುವುದನ್ನು ಕಲಿಯುವುದು ಹೇಗೆ?

ಮಂಡಗದ್ದೆ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ರಸ್ತೆಯ ಒಂದು ಸಣ್ಣ ಊರು. ಕಥೋಲಿಕ ಮನೆ. ಅಜ್ಜನ ಕಾಲದಲ್ಲಿ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು ನಾವು. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಕನ್ನಡ. ದಿನಾ ಸಂಜೆ ತೇರ್ಸ್ ಇರುತ್ತದೆ, ಅಂದರೆ ಜಪಸರ. ಅದನ್ನು ಯಾವಾಗಲೂ ಅಪ್ಪನೇ ನಡೆಸುತ್ತಿದ್ದರು. ಕರೆಂಟ್ ಹೋಗಲಿ, ನೆಂಟರು ಬರಲಿ, ತೇರ್ಸ್ ತಪ್ಪಿದ್ದಿಲ್ಲ.

ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲಿಗೆ ಈಗ ಸ್ವಲ್ಪ ಶಕ್ತಿ ಬಂದಿದೆ. ಮಾತು ಬಂದಿಲ್ಲ. ನಾವು ಹೇಳಿದ್ದು ಅವರಿಗೆ ಗೊತ್ತಾಗುತ್ತದೆ. ಉತ್ತರ ಹೇಳಲು ಹೋದರೆ ಪದ ಸಿಗುವುದಿಲ್ಲ. ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಮ್ಮ ನನಗೆ, ‘ಇನ್ನು ಮೇಲೆ ನೀನೇ ನಡೆಸು’ ಅಂದರು.

ನಡೆಸುತ್ತಿದ್ದೇನೆ. ಆದರೆ ಬಾಯಿ ಒಂದು ಕಡೆ, ಮನಸ್ಸು ಒಂದು ಕಡೆ. ‘ನಮಾನ್ ಮರಿಯೆ’ (ಮರಿಯಮ್ಮನಿಗೆ ನಮಸ್ಕಾರ ಹೇಳುವ ಪ್ರಾರ್ಥನೆ) ಹೇಳುತ್ತಾ ಹೇಳುತ್ತಾ ಮನಸ್ಸಿನಲ್ಲೇ ಅಡಿಕೆ ತೋಟಕ್ಕೆ ಹೋಗಿಬಿಡುತ್ತೇನೆ. ಕೊಳೆ ರೋಗಕ್ಕೆ ಎರಡನೇ ಸಲ ಔಷಧಿ ಹೊಡೆಸಬೇಕು, ಮಳೆ ಬಿಡುತ್ತಿಲ್ಲ, ಮರ ಹತ್ತುವ ಕೊನೆಗಾರರು ಸಿಗುತ್ತಿಲ್ಲ, ಆಸ್ಪತ್ರೆಯ ಸಾಲ ಹಾಗೇ ಇದೆ. ಮುಗಿಯುವ ಹೊತ್ತಿಗೆ ಯಾವ ರಹಸ್ಯ, ಅಂದರೆ ಯೇಸು ಮರಿಯರ ಜೀವನದ ಯಾವ ಘಟನೆ, ಧ್ಯಾನಿಸಿದೆವು ಅನ್ನುವುದೂ ನೆನಪಿರುವುದಿಲ್ಲ. ಸ್ವಂತ ಮಾತಿನಲ್ಲಿ ಪ್ರಾರ್ಥಿಸೋಣ ಅಂದರೆ ‘ದೇವರೇ, ಅಪ್ಪನನ್ನು ಗುಣಮಾಡು’ ಅನ್ನುತ್ತೇನೆ. ಮುಂದೆ ಏನೂ ಬರುವುದಿಲ್ಲ. ಮತ್ತೆ ಅದನ್ನೇ ಹೇಳುತ್ತೇನೆ.

ಅಪ್ಪ ಎದುರಿಗೆ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿರುತ್ತಾರೆ. ಮನಸ್ಸಿಲ್ಲದೆ ಹೇಳಿದರೆ ಅವರಿಗೆ ತಿಳಿಯುತ್ತದೆ. ದೇವರಿಗಂತೂ ತಿಳಿದೇ ತಿಳಿಯುತ್ತದೆ. ಮನಸ್ಸಿನಿಂದ ಪ್ರಾರ್ಥಿಸುವುದನ್ನು ಕಲಿಯಬಹುದಾ? ಅಥವಾ ಅದು ಕೆಲವರಿಗೆ ಮಾತ್ರ ಸಿಗುವ ವರವಾ? ಯಾವ ಸಭೆಯವರಾದರೂ ಸರಿ, ದಯವಿಟ್ಟು ತಿಳಿದದ್ದನ್ನು ಹೇಳಿ.

ಸಾಗರದ ಮೇಷ್ಟ್ರು

ಮಗಳೇ, ಕಲಿಯಬಹುದು. ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ ಯೇಸುವಿನ ಶಿಷ್ಯರೂ ಇದನ್ನೇ ಕೇಳಿದರು. ಲೂಕ 11ನೇ ಅಧ್ಯಾಯದ ಮೊದಲ ವಚನ ನೋಡು. ಆತನು ಪ್ರಾರ್ಥನೆ ಮುಗಿಸಿದ ಮೇಲೆ ಒಬ್ಬ ಶಿಷ್ಯ ಬಂದು, ನಮಗೂ ಕಲಿಸು ಎಂದು ಕೇಳುತ್ತಾನೆ. ಅವರೆಲ್ಲ ಯೆಹೂದ್ಯರು. ಹುಟ್ಟಿದಾಗಿನಿಂದ ಪ್ರಾರ್ಥನೆಯ ಮಧ್ಯೆಯೇ ಬೆಳೆದವರು. ಆದರೂ ಕಲಿಸು ಅಂದರು. ಯೇಸು ಅವರನ್ನು ಗದರಲಿಲ್ಲ. ‘ನಮ್ಮ ತಂದೆಯೇ’ ಅನ್ನುವ ಪ್ರಾರ್ಥನೆ ಕೊಟ್ಟನು. ಹಾಗಾಗಿ ನಿನ್ನ ಪ್ರಶ್ನೆಗೆ ನಾಚಿಕೊಳ್ಳಬೇಡ.

ನಾನು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಅನ್ನುವ ಪ್ರಾಟೆಸ್ಟಂಟ್ ಸಭೆಯವನು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಬಹಳ ಕಾಲ ಕಲಿಸಿದವನು. ನನಗೆ ಇದರಲ್ಲಿ ತುಂಬಾ ನೆರವಾದದ್ದು ಪ್ರಾಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಬರೆದ ಒಂದು ಸಣ್ಣ ಬರಹ. 1535ರಲ್ಲಿ ಅವರ ಕ್ಷೌರಿಕ, ಪೇತರ ಅಂತ ಹೆಸರು, ಪ್ರಾರ್ಥನೆ ಹೇಗೆ ಮಾಡಬೇಕು ಎಂದು ಕೇಳಿದ್ದ. ಲೂಥರ್ ಅವನಿಗಾಗಿಯೇ ಕೂತು ಬರೆದುಕೊಟ್ಟರು. ನೀನು ಕ್ಷೌರ ಮಾಡುವಾಗ ಕಣ್ಣು, ಮನಸ್ಸು ಎರಡೂ ಕತ್ತಿಯ ಮೇಲೆ ಇರುತ್ತವೆ, ಮಾತಾಡುತ್ತಾ ಎಲ್ಲೋ ನೋಡಿದರೆ ಮೂಗು ಕೊಯ್ದುಬಿಡುತ್ತೀಯ, ಪ್ರಾರ್ಥನೆಯೂ ಹಾಗೆಯೇ ಎಂದರು. ಬೇರೆ ಕೆಲಸ, ಯೋಚನೆಗಳಿಂದ ಪ್ರಾರ್ಥನೆಯಲ್ಲಿ ತನಗೂ ಉತ್ಸಾಹ ಹೋಗಿಬಿಡುತ್ತದೆ ಎಂದೂ ಬರೆದರು. ಆಗ ಕೀರ್ತನೆಗಳ ಪುಸ್ತಕ ಹಿಡಿದು ಕೋಣೆಗೋ ಚರ್ಚಿಗೋ ಹೋಗುತ್ತಿದ್ದರಂತೆ.

ಅವರು ಹೇಳಿಕೊಟ್ಟ ಕ್ರಮ ಇದು. ಕರ್ತನ ಪ್ರಾರ್ಥನೆಯನ್ನು, ಅಂದರೆ ಆ ‘ನಮ್ಮ ತಂದೆಯೇ’ ಪ್ರಾರ್ಥನೆಯನ್ನು, ಒಂದೇ ಉಸಿರಿಗೆ ಹೇಳಬೇಡ. ಒಂದು ಬಿನ್ನಹ, ಅಂದರೆ ಅದರ ಒಂದು ಬೇಡಿಕೆ, ಹೇಳು, ನಿಲ್ಲು. ಅದು ನಿನ್ನ ಮನೆಯಲ್ಲಿ, ಇವತ್ತು, ಏನನ್ನು ಮುಟ್ಟುತ್ತದೆ ನೋಡು. ಅದನ್ನು ನಿನ್ನ ಮಾತಿನಲ್ಲಿ ಹೇಳು. ಆಮೇಲೆ ಮುಂದಿನದಕ್ಕೆ ಹೋಗು. ಒಂದೇ ಬಿನ್ನಹದಲ್ಲಿ ಮನಸ್ಸು ನಿಂತರೆ ಅಲ್ಲೇ ಇರು, ಉಳಿದದ್ದನ್ನು ಆ ದಿನಕ್ಕೆ ಬಿಟ್ಟರೂ ತಪ್ಪಿಲ್ಲ ಎಂದಿದ್ದಾರೆ.

ನಿನ್ನ ಮನಸ್ಸು ತೋಟಕ್ಕೆ ಓಡುತ್ತದೆ ಅಂದೆ. ಓಡಲಿ. ‘ಅನುದಿನದ ಆಹಾರ’ ಅನ್ನುವ ಮಾತಿನ ಒಳಗೆ ಅಡಿಕೆ ಇಲ್ಲವಾ? ಕೊಳೆ ರೋಗ ಇಲ್ಲವಾ? ಆಸ್ಪತ್ರೆಯ ಸಾಲ ಇಲ್ಲವಾ? ಅದನ್ನೆಲ್ಲ ಹೊರಗಿಟ್ಟು ಪ್ರಾರ್ಥಿಸಲು ಹೋದರೆ ನಿನ್ನ ನಿಜವಾದ ಚಿಂತೆ ಹೊರಗೇ ಉಳಿಯುತ್ತದೆ. ಅದನ್ನೇ ಒಳಗೆ ತಾ. ಮನಸ್ಸಿನಲ್ಲಿ ಏನಿದೆಯೋ ಅದನ್ನು ಇರುವ ಹಾಗೆ ದೇವರ ಮುಂದೆ ಇಡುವುದನ್ನೇ ನಾನು ಪ್ರಾಮಾಣಿಕ ಪ್ರಾರ್ಥನೆ ಅಂದುಕೊಂಡಿದ್ದೇನೆ. ಭಕ್ತಿಯ ಭಾವನೆ ಬಂತಾ ಇಲ್ಲವಾ ಅನ್ನುವುದು ಆಮೇಲಿನ ಮಾತು.

ಭದ್ರಾವತಿ ಬ್ರದರ್

ಕರ್ತನಿಗೆ ಸ್ತೋತ್ರ. ಸಿಸ್ಟರ್, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಾಯಿಪಾಠದ ಪ್ರಾರ್ಥನೆಯೇ ನಿಮಗೆ ಅಡ್ಡಿ ಆಗಿದೆ ಅನ್ನಿಸುತ್ತದೆ. ಮತ್ತಾಯ 6:7ರಲ್ಲಿ ಯೇಸುವೇ ಹೇಳಿದ್ದಾನೆ, ಹೇಳಿದ್ದನ್ನೇ ಸುಮ್ನೆ ಹೇಳುತ್ತಾ ಹೋಗಬೇಡಿ, ಜಾಸ್ತಿ ಮಾತಾಡಿದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಎಂದು. ಅದಕ್ಕೂ ಮುಂಚಿನ ವಚನದಲ್ಲಿ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಅನ್ನುತ್ತಾನೆ. ಬೇರೆಯವರ ಕಣ್ಣು ನಮ್ಮ ಮೇಲೆ ಇದ್ದಾಗ ನಾವು ಅವರಿಗಾಗಿ ಮಾತಾಡಲು ಶುರುಮಾಡುತ್ತೇವೆ. ನಿಮಗೆ ಈಗ ಆಗುತ್ತಿರುವುದು ಅದೇ ಅಲ್ವಾ? ಅಪ್ಪ ನೋಡುತ್ತಿದ್ದಾರೆ, ಅಮ್ಮ ಕೇಳುತ್ತಿದ್ದಾರೆ ಅನ್ನುವ ಯೋಚನೆ.

1 ಸಮುವೇಲ 1ನೇ ಅಧ್ಯಾಯದ ಹನ್ನಳನ್ನು ನೋಡಿ. ಮಕ್ಕಳಿಲ್ಲದ ಹೆಂಗಸು. ದೇವಾಲಯದಲ್ಲಿ ಅಳುತ್ತಾ ಪ್ರಾರ್ಥಿಸುತ್ತಾಳೆ. ತುಟಿ ಮಾತ್ರ ಆಡುತ್ತದೆ, ಸ್ವರ ಇಲ್ಲ. ಯಾಜಕ ಏಲಿ ನೋಡಿ, ಈಕೆ ಕುಡಿದಿದ್ದಾಳೆ ಅಂದುಕೊಳ್ಳುತ್ತಾನೆ. ಅವಳು, ಇಲ್ಲ ಸ್ವಾಮೀ, ನನ್ನ ಮನಸ್ಸಿನ ನೋವನ್ನು ಯೆಹೋವನ ಮುಂದೆ ಹೊಯ್ದುಬಿಟ್ಟೆ ಅನ್ನುತ್ತಾಳೆ. ಅಲ್ಲಿಂದ ಎದ್ದು ಹೋಗಿ ಊಟ ಮಾಡುತ್ತಾಳೆ. ಮುಖದಲ್ಲಿ ಮೊದಲಿನ ದುಃಖ ಇರುವುದಿಲ್ಲ. ಗಮನಿಸಿ, ಮಗು ಇನ್ನೂ ಹುಟ್ಟಿಲ್ಲ, ಬಸಿರೂ ಆಗಿಲ್ಲ. ಹೇಳಿಕೊಂಡದ್ದಕ್ಕೇ ಹಗುರಾದಳು.

ದಿನಾ ಬೆಳಿಗ್ಗೆ ಯಾರೂ ಏಳುವ ಮುಂಚೆ ಒಬ್ಬರೇ ಕೂತು ಮಾತಾಡಿ. ಅತ್ತರೂ ಪರವಾಗಿಲ್ಲ. ಸಂಜೆಯ ಪ್ರಾರ್ಥನೆಗೆ ಬಲ ಅಲ್ಲಿಂದ ಬರುತ್ತದೆ.

ಕೊಪ್ಪದ ಲೀನಕ್ಕ

ಒಬ್ಬಳೇ ಕೂತು ಪ್ರಾರ್ಥಿಸು ಅನ್ನುವ ಮಾತು ನಾನೂ ಒಪ್ಪುತ್ತೇನೆ ಬ್ರದರ್. ಆದರೆ ಬಾಯಿಪಾಠವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲಾರೆ. ಆ ವಚನ ತಡೆಯುವುದು ಜಾಸ್ತಿ ಮಾತಾಡಿ ದೇವರನ್ನು ಒಪ್ಪಿಸಬಹುದು ಅನ್ನುವ ನಂಬಿಕೆಯನ್ನು. ಹೇಳಿದ್ದನ್ನೇ ಹೇಳುವುದೆಲ್ಲ ತಪ್ಪು ಅನ್ನುವುದಾದರೆ ಗೆತ್ಸೆಮನೆ ತೋಟದಲ್ಲಿ ಏನಾಯಿತು? ಮತ್ತಾಯ 26:44 ಓದಿ. ಯೇಸು ಮೂರನೇ ಸಲವೂ ಹೋಗಿ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದ ಎಂದು ಬರೆದಿದೆ. ಸಾಯುವ ಹಿಂದಿನ ರಾತ್ರಿ, ಹೆದರಿ ನಡುಗುವ ಹೊತ್ತಿನಲ್ಲಿ, ದೇವಪುತ್ರನಿಗೂ ಹೊಸ ಮಾತು ಬರಲಿಲ್ಲ. ತಂಗಿ, ನೀನು ‘ಅಪ್ಪನನ್ನು ಗುಣಮಾಡು’ ಎಂದು ಅದನ್ನೇ ಮತ್ತೆ ಹೇಳುತ್ತೇನೆ ಅಂದೆಯಲ್ಲ, ನಿನಗೆ ಜೊತೆಗಾರ ಇದ್ದಾನೆ.

ಮರುದಿನ ಶಿಲುಬೆಯ ಮೇಲೆ ಆತ ಕೂಗಿದ್ದೇನು? ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?’ ಅದು 22ನೇ ಕೀರ್ತನೆಯ ಮೊದಲ ಸಾಲು. ‘ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ’ ಅನ್ನುವುದು 31ನೇ ಕೀರ್ತನೆಯದ್ದು. ಎರಡೂ ಆತ ಹುಟ್ಟುವುದಕ್ಕೆ ಎಷ್ಟೋ ಕಾಲ ಮುಂಚಿನಿಂದ ಅವನ ಜನ ಹಾಡಿಕೊಂಡು ಬಂದ ಮಾತುಗಳು. ಉಸಿರು ಹೋಗುವ ನೋವಿನಲ್ಲಿ ಬಾಯಿಗೆ ಬಂದದ್ದು ಅವು. ಅದಕ್ಕಿಂತ ಪ್ರಾಮಾಣಿಕ ಪ್ರಾರ್ಥನೆ ಯಾರು ಮಾಡಿದ್ದಾರೆ?

ಮನಸ್ಸು ಓಡುವುದರ ಬಗ್ಗೆ ಇನ್ನೊಂದು ಮಾತು. ಅವಿಲಾದ ಸಂತ ತೆರೇಸಾ ಗೊತ್ತಲ್ವಾ, 1515ರಲ್ಲಿ ಹುಟ್ಟಿದವರು. ಪ್ರಾರ್ಥನೆಯ ವಿಷಯದಲ್ಲಿ ನಮ್ಮ ಧರ್ಮಸಭೆಗೆ ಗುರುವಿದ್ದ ಹಾಗೆ ಅವರು. 1970ರಲ್ಲಿ ಅವರಿಗೆ ಧರ್ಮಸಭೆಯ ಪಂಡಿತೆ ಅನ್ನುವ ಗೌರವ ಸಿಕ್ಕಿತು. ಆ ಗೌರವ ಪಡೆದ ಮೊದಲ ಹೆಂಗಸು ಅವರೇ. ಅಂಥವರು ತಮ್ಮ ಜೀವನದ ಬಗ್ಗೆ ಬರೆಯುವಾಗ ಮುಚ್ಚಿಡದೆ ಹೇಳಿದ್ದಾರೆ: ಕೆಲವು ವರ್ಷ ಪ್ರಾರ್ಥನೆಗೆ ಕೂತರೆ, ಆ ಗಂಟೆ ಯಾವಾಗ ಮುಗಿಯುತ್ತದೋ ಎಂದೇ ಕಾಯುತ್ತಿದ್ದೆ ಅಂತ. ಆದರೂ ಎದ್ದು ಹೋಗಲಿಲ್ಲ. ಅವರ ಪ್ರಕಾರ ಪ್ರಾರ್ಥನೆ ಅಂದರೆ ನಮ್ಮನ್ನು ಪ್ರೀತಿಸುವವನು ಎಂದು ಗೊತ್ತಿರುವವನ ಜೊತೆ ಒಂಟಿಯಾಗಿ ಕೂತು ಗೆಳೆತನದ ಮಾತಾಡುವುದು. ಮನಸ್ಸು ಓಡಿದಾಗೆಲ್ಲ ಬೈದುಕೊಳ್ಳಬೇಡ. ಸುಮ್ನೆ ವಾಪಸು ಕರೆದುಕೊಂಡು ಬಾ. ಹಾಗೆ ವಾಪಸು ಬರುವುದೂ ಪ್ರಾರ್ಥನೆಯೇ.

ಹೊಸನಗರ ಹಳ್ಳಿ

ನಮ್ಮ ಕಡೆ ಇಂಥ ಸಮಯದಲ್ಲಿ ಹರಕೆ ಹೇಳಿಕೊಳ್ಳುತ್ತಾರೆ. ಅಪ್ಪ ಮಾತಾಡಿದರೆ ಇಂಥ ಪುಣ್ಯಕ್ಷೇತ್ರಕ್ಕೆ ಬರುತ್ತೇನೆ, ಇಷ್ಟು ಮೇಣದಬತ್ತಿ ಹಚ್ಚುತ್ತೇನೆ ಅಂತ. ಅದು ಸರಿಯಾ?

ಸಾಗರದ ಮೇಷ್ಟ್ರು

ಹನ್ನಳೂ ಹರಕೆ ಹೊತ್ತವಳೇ. ಆದರೆ ಅವಳು ಕೊಡುತ್ತೇನೆ ಅಂದದ್ದು ತಾನು ಕೇಳಿದ ಮಗುವನ್ನೇ. ಕೃತಜ್ಞತೆಯಿಂದ ಏನಾದರೂ ಕೊಡುತ್ತೇನೆ ಅನ್ನುವುದು ಬೇರೆ, ದೇವರಿಗೆ ಬೆಲೆ ಕಟ್ಟುವುದು ಬೇರೆ. ಯಾವುದನ್ನು ಮಾಡುತ್ತಿದ್ದೇವೆ ಎಂದು ನಮಗೇ ತಿಳಿಯುತ್ತದೆ. ಆತಂಕದಲ್ಲಿ ಇರುವಾಗ ಹರಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆಮೇಲೆ ಅದೇ ಒಂದು ಹೆದರಿಕೆಯಾಗಿ ಕೂರುತ್ತದೆ.

ರಾತ್ರಿ ಪಾಳಿ

ಅಕ್ಕ, ನಾನು ಶಿವಮೊಗ್ಗದಲ್ಲಿ ನರ್ಸ್. ಸ್ಟ್ರೋಕ್ ಆದವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದು ವಿಷಯ ನಿಮಗೆ ಹೇಳಲೇಬೇಕು ಅನ್ನಿಸಿತು.

ನಿಮ್ಮ ಅಪ್ಪನಿಗೆ ಆಗಿರುವುದನ್ನು ಡಾಕ್ಟರುಗಳು ಅಫೇಸಿಯಾ ಅನ್ನುತ್ತಾರೆ. ಹೆಚ್ಚಿನ ಜನರಿಗೆ ಮಾತನ್ನು ಜೋಡಿಸುವ ಕೆಲಸ ಮಿದುಳಿನ ಎಡಭಾಗದಲ್ಲಿ ನಡೆಯುತ್ತದೆ. ಅಲ್ಲಿ ಪೆಟ್ಟಾದರೆ ದೇಹದ ಬಲಭಾಗವೂ ಸೋಲುತ್ತದೆ, ಮಾತೂ ಹೋಗುತ್ತದೆ. ಬುದ್ಧಿ ಹೋಗಿರುವುದಿಲ್ಲ. ಪದ ಹುಡುಕಿ ಜೋಡಿಸುವುದು ಕಷ್ಟವಾಗಿರುತ್ತದೆ ಅಷ್ಟೆ.

ಆದರೆ ಚಿಕ್ಕಂದಿನಿಂದ ಬಾಯಿಪಾಠ ಆಗಿರುವುದು ಎಷ್ಟೋ ಜನರಲ್ಲಿ ಉಳಿದಿರುತ್ತದೆ. ಒಂದು ಎರಡು ಮೂರು ಎಣಿಸುವುದು, ವಾರದ ಹೆಸರು, ಹಾಡು, ಪ್ರಾರ್ಥನೆ. ‘ನೀರು ಬೇಕು’ ಎಂದು ಹೇಳಲಾಗದವರು ಬೇರೆಯವರ ಜೊತೆ ಸೇರಿ ಪ್ರಾರ್ಥನೆಯ ಸಾಲು ಹೇಳುವುದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಎಲ್ಲರಿಗೂ ಹೀಗೆ ಆಗುತ್ತದೆ ಎಂದು ಹೇಳಲಾರೆ. ಪೆಟ್ಟು ಎಲ್ಲಿ, ಎಷ್ಟು ಆಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಆದರೆ ಪ್ರಯತ್ನ ಮಾಡಿ.

ಹೇಗೆ ಅಂದರೆ, ಅವರು ಮಗುವಾಗಿದ್ದಾಗ ಕಲಿತ ಭಾಷೆಯಲ್ಲಿ ಹೇಳಿ. ಕೊಂಕಣಿ ಅಂದಿರಿ, ಹಾಗಾದರೆ ಕೊಂಕಣಿಯಲ್ಲಿ. ಎದುರಿಗೆ, ಅವರಿಗೆ ನಿಮ್ಮ ಬಾಯಿ ಕಾಣುವ ಹಾಗೆ ಕೂರಿ. ನಿಧಾನವಾಗಿ, ಯಾವಾಗಲೂ ಹೇಳುವ ಅದೇ ರಾಗದಲ್ಲಿ ಹೇಳಿ. ಟಿವಿ ಆಫ್ ಇರಲಿ. ಸಾಲಿನ ಕೊನೆಯ ಪದಕ್ಕೆ ಸ್ವಲ್ಪ ಕಾಯಿರಿ. ‘ಹೇಳಿ, ಹೇಳಿ’ ಎಂದು ಒತ್ತಾಯ ಮಾಡಬೇಡಿ, ಮಗುವಿಗೆ ಕಲಿಸುವ ಹಾಗೆ ತಿದ್ದಬೇಡಿ. ಅವರು ನಿಮ್ಮನ್ನೇ ನೋಡುತ್ತಿರುತ್ತಾರೆ ಅಂದಿರಲ್ಲ. ತಪ್ಪು ಹುಡುಕಲು ನೋಡುತ್ತಿದ್ದಾರೆ ಅಂದುಕೊಳ್ಳಬೇಡಿ. ನಿಮ್ಮ ಜೊತೆ ಹೇಳಲು ಒದ್ದಾಡುತ್ತಿರಬಹುದು.

ಆಗುಂಬೆ ಘಟ್ಟ

ನಾನು ಕ್ರೈಸ್ತನಲ್ಲ, ಆದರೂ ಹೇಳುತ್ತೇನೆ. ನಮ್ಮ ಅಮ್ಮನಿಗೆ ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ. ನನ್ನ ಹೆಸರೂ ನೆನಪಿರಲಿಲ್ಲ. ಯಾರಾದರೂ ದಾಸರ ಪದ ಶುರುಮಾಡಿದರೆ ಕೊನೆಯ ಸಾಲಿನವರೆಗೆ ಹಾಡುತ್ತಿದ್ದರು. ನರ್ಸ್ ಮೇಡಂ ಹೇಳುವುದು ನಿಜ. ನಿಮ್ಮ ತಂದೆಯವರು ಬೇಗ ಸುಧಾರಿಸಲಿ.

ಭದ್ರಾವತಿ ಬ್ರದರ್

ನರ್ಸ್ ಸಿಸ್ಟರ್ ಬರೆದದ್ದನ್ನು ಓದಿ ತುಂಬಾ ಹೊತ್ತು ಯೋಚಿಸಿದೆ. ಸ್ವಂತ ಮಾತಿನಲ್ಲೇ ಪ್ರಾರ್ಥಿಸಬೇಕು ಅನ್ನುವವನಿಗೆ ಮಾತೇ ಹೋದರೆ? ಅದಕ್ಕೆ ಉತ್ತರ ರೋಮಾಪುರದವರಿಗೆ ಬರೆದ ಪತ್ರ 8:26ರಲ್ಲಿದೆ. ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲ, ಮಾತಿಗೆ ಸಿಗದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ. ಇದನ್ನು ಬರೆದವನು ಮೊದಲ ಕಾಲದ ಸಭೆಗಳನ್ನು ಕಟ್ಟಿದ ಪೌಲ. ‘ನಮಗೆ’ ಎಂದು ತನ್ನನ್ನೂ ಸೇರಿಸಿಕೊಂಡೇ ಬರೆದಿದ್ದಾನೆ. ಹಾಗಾದರೆ ಮಾತು ಕಳೆದುಕೊಂಡ ನಿಮ್ಮ ಅಪ್ಪನ ಪ್ರಾರ್ಥನೆ ನಿಂತಿಲ್ಲ. ನಿಮ್ಮ ಮನೆಯಲ್ಲಿ ಈಗಲೂ ಪ್ರಾರ್ಥನೆ ನಡೆಸುತ್ತಿರುವವರು ಅವರೇ ಇರಬಹುದು.

ಬಾಯಿಪಾಠ ಇರಲಿ ಸಿಸ್ಟರ್. ಬೆಳಿಗ್ಗೆ ಬಾಗಿಲು ಮುಚ್ಚಿ ಕೂರುವುದನ್ನೂ ಬಿಡಬೇಡಿ. ನಮ್ಮ ಕೂಟದಲ್ಲಿ ಮಧ್ಯಸ್ಥ ಪ್ರಾರ್ಥನೆಯಲ್ಲಿ ನಿಮ್ಮ ಅಪ್ಪನನ್ನು ನೆನೆಯುತ್ತೇವೆ. ಹೆಸರು ಬೇಡ, ದೇವರಿಗೆ ಗೊತ್ತು.

ಮಂಡಗದ್ದೆ ಮಗಳು

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ. ಉತ್ತರ ಬರೆಯಲು ತಡವಾಯಿತು. ಮಳೆ ಜೋರಾಗಿ ನಾಲ್ಕೈದು ದಿನ ನೆಟ್‌ವರ್ಕ್ ಇರಲಿಲ್ಲ.

ನರ್ಸ್ ಮೇಡಂ ಹೇಳಿದ ಹಾಗೆ ಅಪ್ಪನ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತೆ. ‘ಆಮ್ಚ್ಯಾ ಬಾಪಾ’ (ಕೊಂಕಣಿಯ ‘ನಮ್ಮ ತಂದೆಯೇ’) ನಿಧಾನವಾಗಿ ಹೇಳಿದೆ. ಮೊದಲು ಏನೂ ಆಗಲಿಲ್ಲ. ತುಟಿ ಆಡಿಸುತ್ತಿದ್ದರು, ಸ್ವರ ಇಲ್ಲ. ಮೂರ್ನಾಲ್ಕು ಸಂಜೆ ಹಾಗೇ ಹೋಯಿತು. ಮೊನ್ನೆ ಕೊನೆಯಲ್ಲಿ ‘ಆಮೆನ್’ ಅಂದರು. ಸ್ಪಷ್ಟವಾಗಿ. ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಇವತ್ತಿಗೂ ಆಮೆನ್ ಬಿಟ್ಟು ಬೇರೆ ಪದ ಬಂದಿಲ್ಲ. ಆದರೆ ಪ್ರತಿ ‘ನಮಾನ್ ಮರಿಯೆ’ಗೂ ಅದು ಬರುತ್ತದೆ. ನಾನು ಮುಂಚೆಯಷ್ಟು ಬೇಗ ಹೇಳುವುದಿಲ್ಲ. ಅವರ ಆಮೆನ್‌ಗೆ ಕಾಯಬೇಕಲ್ಲ, ಹಾಗಾಗಿ ಮನಸ್ಸೂ ಮುಂಚೆಯಷ್ಟು ಓಡುತ್ತಿಲ್ಲ.

ಎರಡು ಪ್ರಶ್ನೆ ಇವೆ. ಒಂದು, ಇನ್ನೂ ಜಾಸ್ತಿ ಪ್ರಾರ್ಥಿಸಿದರೆ ಪೂರ್ತಿ ಮಾತು ಬರುತ್ತದೆ ಎಂದು ಊರಿನಲ್ಲಿ ಕೆಲವರು ಹೇಳುತ್ತಿದ್ದಾರೆ. ಬರದಿದ್ದರೆ ನನ್ನ ನಂಬಿಕೆ ಸಾಲದು ಅಂತಲಾ?

ಎರಡನೆಯದು ಬರೆಯಲು ಕಷ್ಟ. ಮೇಷ್ಟ್ರು ಹೇಳಿದ ಹಾಗೆ ಬೆಳಿಗ್ಗೆ ಒಂದೊಂದೇ ಬಿನ್ನಹ ತೆಗೆದುಕೊಂಡು ಕೂರುತ್ತಿದ್ದೇನೆ. ಆಹಾರದ ಬಿನ್ನಹದವರೆಗೆ ಚೆನ್ನಾಗಿ ಹೋಗುತ್ತದೆ. ‘ನಾವು ಕ್ಷಮಿಸುವಂತೆ ನಮ್ಮನ್ನು ಕ್ಷಮಿಸು’ ಅನ್ನುವ ಕಡೆ ನಿಂತುಬಿಡುತ್ತೇನೆ. ಪಕ್ಕದ ತೋಟ ಚಿಕ್ಕಪ್ಪನದ್ದು. ಬೇಲಿಯ ವಿಷಯಕ್ಕೆ ಅಪ್ಪನಿಗೂ ಅವರಿಗೂ ವರ್ಷಗಳಿಂದ ಮಾತಿಲ್ಲ. ಅಪ್ಪ ಹಾಸಿಗೆ ಹಿಡಿದರೂ ಅವರು ನೋಡಲು ಬರಲಿಲ್ಲ. ನನಗೆ ಅವರ ಮೇಲೆ ತುಂಬಾ ಸಿಟ್ಟಿದೆ. ಕ್ಷಮಿಸಿದೆ ಎಂದು ಬಾಯಿಮಾತಿಗೆ ಹೇಳಿದರೆ ಅದು ಸುಳ್ಳಾಗುತ್ತದೆ.

ಸಾಗರದ ಮೇಷ್ಟ್ರು

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ, ಎರಡನೆಯದು ಲೀನಕ್ಕನಿಗೆ ಬಿಡುತ್ತೇನೆ.

ಹಾಗೆ ಹೇಳುವವರ ಮಾತನ್ನು ಒಳಗೆ ಬಿಟ್ಟುಕೊಳ್ಳಬೇಡ ಮಗಳೇ. ಪೌಲನಿಗೆ ಮೈಯಲ್ಲಿ ಒಂದು ಮುಳ್ಳಿತ್ತು. ಅದನ್ನು ತೆಗೆ ಎಂದು ಮೂರು ಸಲ ಬೇಡಿಕೊಂಡೆ ಎಂದು 2 ಕೊರಿಂಥ 12ರಲ್ಲಿ ಬರೆಯುತ್ತಾನೆ. ತೆಗೆಯಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಪೌಲನ ನಂಬಿಕೆ ಸಾಲದಾಗಿತ್ತು ಎಂದು ಯಾರಾದರೂ ಹೇಳುತ್ತಾರಾ? ಲೀನಕ್ಕ ಹೇಳಿದ ಗೆತ್ಸೆಮನೆಯಲ್ಲಿಯೂ ಪಾತ್ರೆ, ಅಂದರೆ ಬರಲಿದ್ದ ಸಂಕಟ, ತಪ್ಪಲಿಲ್ಲ. ಆದರೆ ಯೇಸು ಅಲ್ಲಿ ನೇರವಾಗಿ ನಿನ್ನ ಚಿತ್ತವಾಗಲಿ ಎಂದು ಶುರುಮಾಡಲಿಲ್ಲ. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಮೊದಲು ಬಾಯಿಬಿಟ್ಟು ಕೇಳಿದನು. ನಾವು ಎಷ್ಟೋ ಸಲ ಕೇಳುವ ಧೈರ್ಯ ಇಲ್ಲದೆ ಎರಡನೇ ಮಾತಿಗೆ ಹಾರಿಬಿಡುತ್ತೇವೆ. ಅಪ್ಪನಿಗೆ ಮಾತು ಬೇಕು ಅನ್ನುವುದು ನಿನ್ನ ಆಸೆ. ಅದನ್ನು ಪೂರ್ತಿಯಾಗಿ ಕೇಳು. ದಿನಾ ಕೇಳು.

ಬರದೇ ಹೋದ ದಿನ ಬೇಸರ ಆಗುತ್ತದೆ. ಆಗ ಅದನ್ನೇ ಹೇಳು. ಬೈಬಲಿನ 150 ಕೀರ್ತನೆಗಳಲ್ಲಿ ದೇವರಿಗೆ ದೂರು ಹೇಳುವವು ತುಂಬಾ ಇವೆ. 13ನೆಯದು ‘ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ’ ಎಂದು ಶುರುವಾಗುತ್ತದೆ. 88ನೆಯದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನೂ ಪ್ರಾರ್ಥನೆ ಎಂದೇ ಹಿರಿಯರು ಉಳಿಸಿಕೊಂಡು ಬಂದಿದ್ದಾರೆ. ಕೊಲ್ಕತ್ತದ ಮದರ್ ತೆರೇಸಾರ ಪತ್ರಗಳು ಅವರು ತೀರಿಕೊಂಡ ಮೇಲೆ 2007ರಲ್ಲಿ ಹೊರಗೆ ಬಂದವು. ಎಷ್ಟೋ ವರ್ಷಗಳ ಕಾಲ ಪ್ರಾರ್ಥನೆಯಲ್ಲಿ ದೇವರ ಇರವೇ ತನಗೆ ಗೊತ್ತಾಗುತ್ತಿಲ್ಲ ಎಂದು ತಮ್ಮ ಗುರುಗಳಿಗೆ ಬರೆದಿದ್ದರು. ಹಾಗೆ ಬರೆಯುತ್ತಲೇ ಬೆಳಿಗ್ಗೆ ಎದ್ದು ಪ್ರಾರ್ಥಿಸಿ ರೋಗಿಗಳ ಬಳಿ ಹೋಗುತ್ತಿದ್ದರು.

ಕೊಪ್ಪದ ಲೀನಕ್ಕ

ತಂಗಿ, ‘ಆಮೆನ್’ ಓದಿ ಕಣ್ಣು ತುಂಬಿತು. ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.

ಚಿಕ್ಕಪ್ಪನ ವಿಷಯ. ಆ ಬಿನ್ನಹದಲ್ಲಿ ನೀನು ನಿಂತುಬಿಟ್ಟೆಯಲ್ಲ, ನಿನ್ನ ಪ್ರಾರ್ಥನೆ ನಿಜವಾಗಿ ಕೆಲಸ ಮಾಡುತ್ತಿರುವುದು ಅಲ್ಲಿಯೇ. ಮನಸ್ಸಿಲ್ಲದೆ ಹೇಳುವವರು ಅಲ್ಲಿ ನಿಲ್ಲುವುದೇ ಇಲ್ಲ. ಆ ಸಾಲಿನಲ್ಲಿ ತಡೆಯದೆ ದಾಟಿ ಹೋಗುತ್ತಾರೆ. ಯೇಸು ಪ್ರಾರ್ಥನೆ ಕಲಿಸಿದ ಕೂಡಲೇ ಮತ್ತೆ ವಿವರಿಸಿದ್ದು ಈ ಒಂದು ಬಿನ್ನಹವನ್ನು ಮಾತ್ರ, ಮತ್ತಾಯ 6:14, 15. ಬೇರೆ ಯಾವುದಕ್ಕೂ ಅಷ್ಟು ಒತ್ತು ಕೊಟ್ಟಿಲ್ಲ. ಅದೇ ಸುವಾರ್ತೆಯ 5ನೇ ಅಧ್ಯಾಯದಲ್ಲಿ, ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ದೂರು ಇದೆ ಎಂದು ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಅನ್ನುತ್ತಾನೆ.

ಕ್ಷಮಿಸಿದೆ ಎಂದು ಸುಳ್ಳು ಹೇಳಬೇಡ. ‘ಅವರ ಮೇಲೆ ಸಿಟ್ಟಿದೆ ದೇವರೇ, ಕ್ಷಮಿಸಲು ನನ್ನಿಂದ ಆಗುತ್ತಿಲ್ಲ, ಆಗಲಿ ಎಂದು ಆಸೆಪಡಲೂ ಇವತ್ತು ಆಗುತ್ತಿಲ್ಲ’ ಎಂದು ಹೇಳು. ಆಮೇಲೆ ಚಿಕ್ಕಪ್ಪನ ಹೆಸರು ಹಿಡಿದು, ನಿನಗೆ ಏನು ಕೇಳುತ್ತೀಯೋ ಅವರಿಗೂ ಅದನ್ನೇ ಕೇಳು. ಅವರ ತೋಟಕ್ಕೂ ಕೊಳೆ ಬಂದಿರುತ್ತದೆ. ಅವರಿಗೂ ಕೊನೆಗಾರರು ಸಿಕ್ಕಿರುವುದಿಲ್ಲ. ಅಷ್ಟು ಸಾಕು. ಮನಸ್ಸು ಒಪ್ಪದಿದ್ದರೂ ಕೇಳು, ಮನಸ್ಸು ಒಪ್ಪುತ್ತಿಲ್ಲ ಅನ್ನುವುದನ್ನೂ ಅಲ್ಲೇ ಹೇಳು. ತಂದೆ ಮಗಳ ನಡುವೆ ಮುಚ್ಚಿಡುವುದು ಏನಿದೆ?

ಮೊಂತಿ ಫೆಸ್ತ್, ಅಂದರೆ ಮರಿಯಮ್ಮನ ಹುಟ್ಟಿದ ಹಬ್ಬ, ಹತ್ತಿರ ಬಂತು. ಆಗಸ್ಟ್ 30ಕ್ಕೆ ಒಂಬತ್ತು ದಿನದ ನೊವೆನ ಪ್ರಾರ್ಥನೆ ಶುರು, ಸೆಪ್ಟೆಂಬರ್ 8ಕ್ಕೆ ಹಬ್ಬ. ಆಶೀರ್ವಾದ ಮಾಡಿದ ತೆನೆಯನ್ನು ಮನೆಗೆ ತಂದು ಹೊಸ ಅಕ್ಕಿ ಊಟ ಮಾಡುತ್ತೇವಲ್ಲ, ಅದು ಮನೆತನದವರೆಲ್ಲ ಒಟ್ಟಿಗೆ ಕೂರುವ ಊಟ. ದೂರ ಇರುವವರಿಗೂ ನಮ್ಮ ಹಿರಿಯರು ಒಂದೆರಡು ಕಾಳು ಕವರಿನಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ಬೇಲಿಯಾಚೆ ಇರುವ ಚಿಕ್ಕಪ್ಪನಿಗೆ ಒಂದು ತೆನೆ ಕೊಟ್ಟು ಬರುವುದು ನಿನ್ನಿಂದ ಆಗುತ್ತದಾ ನೋಡು. ಮಾತಾಡಲು ಆಗದಿದ್ದರೆ ಬೇಡ, ಕೊಟ್ಟು ಬಾ. ಬೇಲಿ ಎಲ್ಲಿ ಹೋಗಬೇಕು ಅನ್ನುವುದನ್ನು ಸರ್ವೆಯವರು ನೋಡಿಕೊಳ್ಳಲಿ. ಕ್ಷಮಿಸುವುದು ಅಂದರೆ ತೋಟ ಬಿಟ್ಟುಕೊಡುವುದು ಎಂದು ಯಾರೂ ಹೇಳಿಲ್ಲ.

ಭದ್ರಾವತಿ ಬ್ರದರ್

ಲೀನಕ್ಕನ ಮಾತಿಗೆ ಆಮೆನ್. ಒಂದು ಮಾತು ಸೇರಿಸುತ್ತೇನೆ. ಅಪ್ಪನನ್ನೂ ಕೇಳಿ ಸಿಸ್ಟರ್. ಅವರಿಗೆ ಅರ್ಥವಾಗುತ್ತದೆ ಅಂದಿದ್ದೀರಿ. ಜಗಳ ಅವರಿಬ್ಬರದು. ಹೂಂ, ಊಹೂಂ ಅನ್ನಲು ತಲೆ ಆಡಿಸಿದರೆ ಸಾಕು.

ಮಂಡಗದ್ದೆ ಮಗಳು

ಕೇಳಿದೆ. ಚಿಕ್ಕಪ್ಪನಿಗೆ ತೆನೆ ಕೊಡಲಾ ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಎಡಗೈಯಿಂದ ನನ್ನ ಕೈ ಹಿಡಿದು ತಲೆ ಆಡಿಸಿದರು. ಹಬ್ಬದ ದಿನ ಪೂಜೆ ಮುಗಿಸಿಕೊಂಡು ಬರುವಾಗ ಅವರ ಮನೆಗೆ ಹೋಗುತ್ತೇನೆ. ನನ್ನ ಸಿಟ್ಟು ಹೋಗಿಲ್ಲ. ಬೆಳಿಗ್ಗೆ ಅವರ ಹೆಸರು ಹೇಳುತ್ತಿದ್ದೇನೆ, ಸಿಟ್ಟಿದೆ ಅನ್ನುವುದನ್ನೂ ಹೇಳುತ್ತಿದ್ದೇನೆ.

ನರ್ಸ್ ಮೇಡಂ, ಒಂದು ಕೇಳಬೇಕಿತ್ತು. ಹಬ್ಬದ ದಿನ ಹೊಸ ಭತ್ತದ ಕಾಳು ಸುಲಿದು ಪಾಯಸಕ್ಕೆ ಹಾಕುತ್ತೇವೆ. ಅಪ್ಪನಿಗೆ ಕೊಡಬಹುದಾ? ನೀರು ಕುಡಿಯುವಾಗ ಒಮ್ಮೊಮ್ಮೆ ಕೆಮ್ಮು ಬರುತ್ತದೆ.

ರಾತ್ರಿ ಪಾಳಿ

ಕೆಮ್ಮು ಬರುತ್ತದೆ ಅಂದರೆ ನುಂಗಲು ತೊಂದರೆ ಇರಬಹುದು ಅಕ್ಕ. ಸ್ಟ್ರೋಕ್ ಆದವರಲ್ಲಿ ಇದು ಸಾಮಾನ್ಯ. ನೀರು, ಪಾಯಸ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಹಬ್ಬಕ್ಕೆ ಕಾಯಬೇಡಿ, ಈ ವಾರವೇ ಡಾಕ್ಟರಿಗೆ ಹೇಳಿ. ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿ ಎಂದು ಕೇಳಿ. ಮಾತಿಗೂ ನುಂಗುವುದಕ್ಕೂ ಅವರೇ ನೋಡುತ್ತಾರೆ. ‘ಆಮೆನ್’ ಬರುತ್ತಿದೆ ಅನ್ನುವುದನ್ನು ತಪ್ಪದೆ ಹೇಳಿ, ಅಲ್ಲಿಂದ ಮುಂದಕ್ಕೆ ಅಭ್ಯಾಸ ಮಾಡಿಸಲು ಅವರಿಗೆ ಅನುಕೂಲ.

ಅವರು ನೋಡಿ ಸರಿ ಅಂದರೆ ಮಾತ್ರ ಪಾಯಸ ಕೊಡಿ. ಕಾಳನ್ನು ನುಣ್ಣಗೆ ಅರೆಯಿರಿ, ಸಿಪ್ಪೆ ಚೂರೂ ಇರಬಾರದು. ಎಷ್ಟು ಗಟ್ಟಿ ಇರಬೇಕು ಎಂದು ಅವರನ್ನೇ ಕೇಳಿ. ಹಾಸಿಗೆಯಲ್ಲಿ ಒರಗಿಸಬೇಡಿ, ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ. ಸಣ್ಣ ಚಮಚದಲ್ಲಿ ಕೊಡಿ, ಒಂದು ನುಂಗಿದ ಮೇಲೆ ಇನ್ನೊಂದು. ಬಾಯಲ್ಲಿ ಊಟ ಇರುವಾಗ ಪ್ರಾರ್ಥನೆ ಹೇಳಿಸಬೇಡಿ. ಊಟಕ್ಕೆ ಮುಂಚೆಯೇ ಮುಗಿಸಿ.